ಮೈಲಿನ್ ಸುತ್ತಿಕೊಂಡಿರುವ ನರತಂತುವಿಗೆ ಶಕ್ತಿ ಎಲ್ಲಿಂದ ಸಿಗುತ್ತದೆ?

ಗಣನೀಯ ಪಾಲು ಮೈಲಿನ್ ಆಗಿ ಅದನ್ನು ಸುತ್ತಿಕೊಂಡ ಕೋಶದಿಂದಲೇ. ಮೈಲಿನ್ ಬರೀ ನಿರೋಧಕ ಹೊದಿಕೆ ಎಂದು ಪಿಯುಸಿ ಪಾಠಗಳು ಹೇಳಿ ಸುಮ್ಮನಾಗುತ್ತವೆ. ಅದು ಅರ್ಧ ಕಥೆ.

ಬೆನ್ನುಹುರಿಯಿಂದ ಪಾದದವರೆಗೆ ಇಳಿಯುವ ತಂತು ಸುಮಾರು ಒಂದು ಮೀಟರ್ ಉದ್ದ. ಇಷ್ಟು ದೂರಕ್ಕೆ ಎಲ್ಲವನ್ನೂ ನರಕೋಶದ ಒಡಲೇ ಕಳುಹಿಸಲಾಗದು. ಬೆಂಗಳೂರಿಗೆ ತೊರೆಕಾಡನಹಳ್ಳಿಯಿಂದ ಕಾವೇರಿ ನೀರು ಬಂದರೂ ಬಡಾವಣೆಗೊಂದು ಕೊಳವೆಬಾವಿ ಬೇಕಾಗುತ್ತದಲ್ಲ, ಹಾಗೆಯೇ ಇಲ್ಲೂ ಸ್ಥಳೀಯ ಪೂರೈಕೆ ಬೇಕು.

ಮೆದುಳು ಮತ್ತು ಬೆನ್ನುಹುರಿಯಲ್ಲಿ ಈ ಕೆಲಸ ಮೈಲಿನ್ ಸುತ್ತುವ ಆಲಿಗೊಡೆಂಡ್ರೊಸೈಟ್ ಎಂಬ ಗ್ಲಿಯಾ (ನರಕೋಶಗಳಿಗೆ ಆಸರೆಯಾಗುವ) ಕೋಶದ್ದು. ಅದು ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಲ್ಯಾಕ್ಟೇಟ್ ಮಾಡುತ್ತದೆ. ಎಂಸಿಟಿ1 ಎಂಬ ಸಾಗಣೆ ಪ್ರೋಟೀನು ಅದನ್ನು ಹೊರಹಾಕುತ್ತದೆ, ಎಂಸಿಟಿ2 ತಂತುವಿನೊಳಗೆ ಎಳೆದುಕೊಳ್ಳುತ್ತದೆ. ಅಲ್ಲಿನ ಮೈಟೊಕಾಂಡ್ರಿಯಗಳು ಅದರಿಂದ ಕೋಶ ಬಳಸುವ ಶಕ್ತಿಯ ಅಣುವಾದ ಎಟಿಪಿ ತಯಾರಿಸುತ್ತವೆ. ವ್ಯಾಯಾಮದ ನಂತರದ ನೋವಿಗೆ ನಾವು ಸುಮ್ಮನೆ ಬೈಯುವ ಲ್ಯಾಕ್ಟೇಟ್ ಇಲ್ಲಿ ಇಂಧನ!

ಬೇಡಿಕೆ ತಿಳಿಸುವ ವ್ಯವಸ್ಥೆಯೂ ಇದೆ. ತಂತು ಚುರುಕಾದಾಗ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದನ್ನು ಗ್ರಹಿಸಿದ ಆಲಿಗೊಡೆಂಡ್ರೊಸೈಟ್ ಹೆಚ್ಚು ಗ್ಲೂಕೋಸ್ ಒಳಗೆಳೆದುಕೊಳ್ಳುತ್ತದೆ. ಆಸ್ಟ್ರೊಸೈಟ್ ಎಂಬ ಇನ್ನೊಂದು ಬಗೆಯ ಗ್ಲಿಯಾ ಕೋಶಗಳ ಬಳಿ ಗ್ಲೈಕೋಜನ್ (ಕೂಡಿಟ್ಟ ಗ್ಲೂಕೋಸ್) ದಾಸ್ತಾನು ಇರುತ್ತದೆ, ಕೊರತೆಯ ಹೊತ್ತಿಗೆ ಅದು ಒದಗುತ್ತದೆ. ಕೈಕಾಲುಗಳ ನರಗಳಲ್ಲಿ ಇದೇ ಹೊಣೆ ಅಲ್ಲಿ ಮೈಲಿನ್ ಸುತ್ತುವ ಶ್ವಾನ್ ಕೋಶಗಳದು.

ಪುರಾವೆ ಏನೆಂದರೆ, ಇಲಿಗಳಲ್ಲಿ ಎಂಸಿಟಿ1 ಕಡಿಮೆ ಮಾಡಿದಾಗ ತಂತುಗಳು ಹಾನಿಗೊಂಡವು ಎಂದು 2012ರಲ್ಲಿ ಪ್ರಕಟವಾಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಿ ಮೈಲಿನ್ ಕಳೆದುಕೊಂಡ ತಂತುಗಳು ಕ್ರಮೇಣ ಸಾಯುವುದಕ್ಕೆ ಈ ಪೂರೈಕೆ ನಿಲ್ಲುವುದೂ ಒಂದು ಕಾರಣವೆಂದು ಭಾವಿಸಲಾಗಿದೆ.