ಡಿಒಐಗೆ ದುಡ್ಡು ಕೊಡಬೇಕಾ?

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನ್ನ ಲೇಖನ ಬಂದಿದ್ದ ಪತ್ರಿಕೆಯ ವೆಬ್‌ಸೈಟ್ ಬದಲಾಗಿ ಹಳೆಯ ಲಿಂಕ್ ತೆರೆಯುತ್ತಿಲ್ಲ. ಈಗ ಇನ್ನೊಂದು ಪತ್ರಿಕೆಯವರು, "ಡಿಒಐ ಇದ್ದರೆ ಲೇಖನಕ್ಕೆ ಮಾನ್ಯತೆ, ಅದಕ್ಕೆ ಎರಡು ಸಾವಿರ ಬೇರೆ ಕೊಡಿ" ಎನ್ನುತ್ತಿದ್ದಾರೆ. ಕೊಡಲೇ?
– ಓದುಗರೊಬ್ಬರು, ಹಾಸನ

ಉತ್ತರ: ಕೊಡಬೇಡಿ ಮೇಡಂ. ಇದೇ ಮಾತು ಕೇಳಿಕೊಂಡು ನಮ್ಮ ಗ್ರಂಥಾಲಯಕ್ಕೆ ಬರುವ ಸಂಶೋಧನಾ ವಿದ್ಯಾರ್ಥಿಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಡಿಒಐ ಎಂದರೆ ಅಂತರ್ಜಾಲದಲ್ಲಿ ಲೇಖನದ ಪುಟಕ್ಕೆ ಕರೆದೊಯ್ಯುವ ಖಾಯಂ ಗುರುತಿನ ಸಂಖ್ಯೆ, ಅಷ್ಟೇ. ಲೇಖನ ಚೆನ್ನಾಗಿದೆ ಎಂದು ಅದು ಹೇಳುವುದಿಲ್ಲ. ಪ್ರಕಾಶಕರು ಕ್ರಾಸ್‌ರೆಫ್‌ನಂಥ ಸಂಸ್ಥೆಗೆ ವರ್ಷದ ಚಂದಾ ಕಟ್ಟಿ ಅದನ್ನು ನೋಂದಾಯಿಸುತ್ತಾರೆ. ಅಲ್ಲಿ ಹೊಸ ಲೇಖನವೊಂದರ ನೋಂದಣಿಗೆ ತಗಲುವುದು ಸುಮಾರು ಒಂದು ಡಾಲರ್. ಎರಡು ಸಾವಿರ ಯಾಕೆ ಅಂತ ಕೇಳಿ.

ದುಡ್ಡು ಕೇಳುತ್ತಿರುವ ಪತ್ರಿಕೆಯ ಹಳೆಯ ಲೇಖನವೊಂದರ ಡಿಒಐ ತೆಗೆದುಕೊಂಡು ಡಿಒಐ ಡಾಟ್ ಆರ್ಗ್‌ನಲ್ಲಿ ಹಾಕಿ ನೋಡಿ. 10 ಎಂಬ ಅಂಕಿಯಿಂದ ಶುರುವಾಗುತ್ತದೆ. ನೋಂದಣಿಯೇ ಆಗದ ಸಂಖ್ಯೆಯನ್ನು ಸುಮ್ನೆ ಅಚ್ಚು ಹಾಕುವವರೂ ಇದ್ದಾರೆ. ನಿಜವಾದ ಡಿಒಐ ಆದರೂ, ವೆಬ್‌ಸೈಟ್ ಬದಲಾದಾಗ ಪ್ರಕಾಶಕರು ಹೊಸ ವಿಳಾಸವನ್ನು ದಾಖಲೆಯಲ್ಲಿ ತಿದ್ದಲೇಬೇಕು. ತಿದ್ದದಿದ್ದರೆ ಅದೂ ಇಲ್ಲದ ಪುಟಕ್ಕೇ ಕರೆದೊಯ್ಯುತ್ತದೆ.

ಇನ್ನು ನಿಮ್ಮ ಹಳೆಯ ಲೇಖನ. ಪ್ರತಿ ಇಲ್ಲದಿದ್ದರೆ ಸತ್ತ ಲಿಂಕನ್ನು, ಹಳೆಯ ವೆಬ್ ಪುಟಗಳ ಪ್ರತಿ ಇಟ್ಟಿರುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ ಹುಡುಕಿ. ಹಕ್ಕು ನಿಮ್ಮದೇ ಎಂದು ಖಾತ್ರಿ ಮಾಡಿಕೊಂಡು ಝೆನೋಡೋದಲ್ಲಿ ಏರಿಸಿ. ಜಿನೀವಾದ ಸರ್ನ್ ಪ್ರಯೋಗಾಲಯ 2013ರಿಂದ ನಡೆಸುತ್ತಿರುವ ಸಂಗ್ರಹ ಅದು. ಡಿಒಐ ಪುಕ್ಕಟೆ ಸಿಗುತ್ತದೆ. ಶೀರ್ಷಿಕೆಯನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಕೊಡಿ. ಲೇಖನಕ್ಕೆ ಮೊದಲೇ ಡಿಒಐ ಇದ್ದರೆ ಅದನ್ನೇ ತುಂಬಿಸಿ, ಇನ್ನೊಂದು ಪಡೆಯಬೇಡಿ.

ಪಿಎಚ್.ಡಿ. ಪ್ರಬಂಧಗಳದು ಬೇರೆ ದಾರಿ. ನಮ್ಮ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಪ್ರತಿ ಪ್ರಬಂಧಕ್ಕೂ ಹ್ಯಾಂಡಲ್ ಎಂಬ ಖಾಯಂ ವಿಳಾಸವಿದೆ. ಅದರಲ್ಲಿ 10603 ಎಂಬ ಅಂಕಿ ಇರುತ್ತದೆ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಕಾಣುವುದನ್ನು ಬಿಟ್ಟು, ಪುಟದೊಳಗೆ ಕೊಟ್ಟಿರುವ ಹ್ಯಾಂಡಲನ್ನೇ ನಕಲು ಮಾಡಿ. ನಿಮ್ಮ ವಿದ್ಯಾರ್ಥಿಗಳಿಗೂ ಇದನ್ನು ಹೇಳಿಕೊಡಿ, ದಯವಿಟ್ಟು.

ಹಾಗೇ ಆರ್ಕಿಡ್ (ORCID) ಎಂಬ, ಬರೆಯುವವರ ಗುರುತಿನ ಸಂಖ್ಯೆಯನ್ನೂ ಮಾಡಿಸಿಕೊಳ್ಳಿ. 16 ಅಂಕಿ, ಖರ್ಚಿಲ್ಲ. ನಮ್ಮಲ್ಲಿ ಇನಿಷಿಯಲ್ ಒಮ್ಮೆ ಹೆಸರಿನ ಮುಂದೆ, ಒಮ್ಮೆ ಹಿಂದೆ ಬರುತ್ತದಲ್ವಾ? ಒಬ್ಬರ ಬರಹ ಇಬ್ಬರ ಲೆಕ್ಕಕ್ಕೆ ಹಂಚಿಹೋಗುವುದು ಅದರಿಂದ ತಪ್ಪುತ್ತದೆ.