ಓದುಗರ ಪ್ರಶ್ನೆ: ಟ್ರಂಕಿನ ಬಟ್ಟೆಯಲ್ಲಿ ಎಷ್ಟು ಕೌದಿ ಆದೀತು?

ಪ್ರಶ್ನೆ: ಅಕ್ಕಾ, ಈ ವರ್ಷ ನಮ್ಮ ಮನೆಗೆ ಎರಡು ಮೊಮ್ಮಕ್ಕಳು ಬರುವುದಿದೆ. ಮಗಳ ಬಾಣಂತನ ನಮ್ಮಲ್ಲೇ, ಸೊಸೆಯದು ಅವಳ ತವರಲ್ಲಿ. ಟ್ರಂಕಿನಲ್ಲಿ ಅತ್ತೆಯವರ ಹಳೆ ಕಾಟನ್ ಸೀರೆ ಮೂರು, ಮಾವನವರ ಪಂಚೆ ಎರಡು, ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟ ರವಿಕೆ ಕಣದ ರಾಶಿ ಇದೆ. ಹೊಲಿಗೆಯಲ್ಲಿ ಉಳಿದ ಚೂರು ಬೇರೆ ಒಂದು ಚೀಲ. ಚೂರುಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ ಇಟ್ಟಿದ್ದೇನೆ, ಮುಂದೆ ಕೈ ಓಡ್ತಾ ಇಲ್ಲ. ಎಷ್ಟು ಕೌದಿ ಆಗಬಹುದು? ಎಲ್ಲಿಂದ ಶುರು ಮಾಡಲಿ?
– ಓದುಗರು, ಶಿರಸಿ

ಉತ್ತರ: ಚೂರಿನ ಚೀಲವನ್ನು ಮೊದಲು ಕಟ್ಟಿ ಪಕ್ಕಕ್ಕಿಡಿ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಬಣ್ಣ ಜೋಡಿಸುವುದು ಖುಷಿ ಅಲ್ವಾ, ಆದರೆ ಕೌದಿ ಅರ್ಧಕ್ಕೆ ನಿಲ್ಲುವುದು ಚೂರು ಸಾಲದೆ ಅಲ್ಲ, ಅಡಿಪದರಕ್ಕೆ ಹಾಕಲು ಅಖಂಡ ಬಟ್ಟೆ ಇಲ್ಲದೆ. ಅಡಿಬಟ್ಟೆ ಎಷ್ಟು ಸಿಗುತ್ತದೋ ಅಷ್ಟೇ ಕೌದಿ.

ಮಗುವಿಗೆ 36 ಇಂಚು ಅಗಲ, 45 ಇಂಚು ಉದ್ದ ಧಾರಾಳ ಸಾಕು. ನಾಲ್ಕು ಮೊಳದ ಪಂಚೆ ಸುಮಾರು 2 ಮೀಟರ್ ಉದ್ದ, 50 ಇಂಚು ಅಗಲ ಇರುತ್ತದೆ. ನಡುವೆ ಕತ್ತರಿಸಿದರೆ 39ಕ್ಕೆ 50 ಇಂಚಿನ ಎರಡು ಅಡಿಬಟ್ಟೆ ಸಿಗುತ್ತವೆ, ಸುತ್ತ ಮಡಚಲು ಅಂಚೂ ಉಳಿಯುತ್ತದೆ. ಎರಡು ಪಂಚೆಗೆ ನಾಲ್ಕು. ಎಂಟು ಮೊಳದ್ದಾದರೆ ಒಂದೊಂದರಲ್ಲೇ ಮೂರಂತೂ ಆಗುತ್ತದೆ. ಕತ್ತರಿಸುವ ಮೊದಲು ಪಂಚೆಯನ್ನು ಬೆಳಕಿಗೆ ಹಿಡಿದು ನೋಡಿ. ನೂಲು ಸವೆದು ಜಾಳಾಗಿದ್ದರೆ ಅದನ್ನು ಅಡಿಗೆ ಹಾಕಬೇಡಿ, ಎರಡು ವರ್ಷಕ್ಕೇ ಹರಿಯುತ್ತದೆ.

ನಡುವಿನ ಪದರಕ್ಕೆ ಸೀರೆ. ಐದೂವರೆ ಮೀಟರ್ ಸೀರೆಯನ್ನು 38 ಇಂಚಿಗೊಂದರಂತೆ ಕತ್ತರಿಸಿದರೆ ಐದು ತುಂಡು. ಒಂದು ಕೌದಿಗೆ ಎರಡು ಪದರ ಇಟ್ಟುಕೊಂಡರೂ ನಾಲ್ಕು ಕೌದಿಗೆ ಎರಡೇ ಸೀರೆ ಸಾಕು. ಮೂರನೆಯದು ಚೆನ್ನಾಗಿದ್ದರೆ ಮೇಲ್ಭಾಗಕ್ಕೆ ಬಳಸಿ, ಸೆರಗಂತೂ ಬಿಡಬೇಡಿ. ಹತ್ತಿಯನ್ನೋ ಅಂಗಡಿಯ ಪಾಲಿಯೆಸ್ಟರ್ ಪದರವನ್ನೋ ತುಂಬಲು ಹೋಗಬೇಡಿ. ನಮ್ಮ ಮಳೆಗಾಲದಲ್ಲಿ ದಪ್ಪ ಕೌದಿ ಒಣಗುವುದೇ ಇಲ್ಲ, ಮಗು ಒದ್ದೆ ಮಾಡುವುದಂತೂ ನಿಲ್ಲುವುದಿಲ್ಲ.

ಇನ್ನು ರವಿಕೆ ಕಣ. ಈಗ ಕೊಡುವ ಕಣದಲ್ಲಿ ಜಾಸ್ತಿ ಪಾಲಿಯೆಸ್ಟರೇ. ಅಂಚಿನಿಂದ ನಾಲ್ಕು ಎಳೆ ಕಿತ್ತು ದೀಪಕ್ಕೆ ಹಿಡಿಯಿರಿ. ಕಾಗದದ ಹಾಗೆ ಉರಿದು ಬೂದಿಯಾದರೆ ಹತ್ತಿ, ಕರಗಿ ಗಟ್ಟಿ ಕರಿ ಉಂಡೆಯಾದರೆ ಅಲ್ಲ. 80 ಸೆಂಟಿಮೀಟರ್ ಉದ್ದ, 90 ಸೆಂಟಿಮೀಟರ್ ಅಗಲದ ಕಣದಲ್ಲಿ 5 ಇಂಚಿನ 42 ಚೌಕ ಸಿಗುತ್ತವೆ. ಹೊಲಿಗೆಗೆ ಪ್ರತಿ ಬದಿಗೆ ಕಾಲಿಂಚು ಹೋಗಿ ಒಂದೊಂದು ನಾಲ್ಕೂವರೆ ಇಂಚಾಗುತ್ತದೆ, ಅಡ್ಡ 8, ಉದ್ದ 10, ಒಟ್ಟು 80 ಚೌಕ. ಅಂದರೆ ಎರಡು ಕಣಕ್ಕೆ ಒಂದು ಕೌದಿಯ ಮೇಲ್ಭಾಗ! ಚೂರಿನ ಚೀಲಕ್ಕೆ ಕೈ ಹಾಕುವ ಮೊದಲೇ ಕೆಲಸ ಮುಗಿಯಿತು.

ಅಳತೆ ಬೇಡ, ಚೂರು ಖರ್ಚಾಗಬೇಕು ಅನ್ನುವುದಾದರೆ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕ್ರಮ ನೋಡಿ. ಅವರು ಅಂಚಿನಿಂದ ಶುರು ಮಾಡಿ, ಚೂರನ್ನು ಮಡಚಿ ಇಡುತ್ತಾ, ಎಲ್ಲ ಪದರಕ್ಕೂ ಸೇರಿಸಿ ಕೈಯಲ್ಲೇ ಸಾಲು ಹೊಲಿಗೆ ಹಾಕುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗೆ ಬಟ್ಟೆ ಮಡಚಿ ತ್ರಿಕೋನದ ‘ಫುಲಾ’ ಇಡದಿದ್ದರೆ ಅವರಿಗೆ ಕೌದಿ ಪೂರ್ತಿಯಾದಂತಲ್ಲ. ನನ್ನನ್ನು ಕೇಳಿದರೆ ಚೌಕದ ಕೌದಿಗಿಂತ ಅದೇ ಚೆಂದ. ನಾಲ್ಕರಲ್ಲಿ ಒಂದನ್ನಾದರೂ ಹಾಗೆ ಮಾಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಟ್ರಂಕಿನಲ್ಲಿ ಡಾಂಬರು ಗುಳಿಗೆ ಇಟ್ಟಿದ್ದರೆ ಆ ಬಟ್ಟೆಯನ್ನು ಹಾಗೇ ಹೊಲಿಯಬೇಡಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಮಗುವಿಗೆ ಗುಳಿಗೆಯಲ್ಲಿರುವ ನ್ಯಾಫ್ತಲಿನ್ ತಗುಲಿದರೆ ರಕ್ತದ ಕೆಂಪುಕಣ ಒಡೆದು ಜೋರು ಕಾಮಾಲೆ ಆಗಬಹುದು. ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಹಾಕಿ, ವಾಸನೆ ಪೂರ್ತಿ ಹೋಗುವವರೆಗೆ ಮತ್ತೆ ಮತ್ತೆ ಹಾಗೇ ಮಾಡಿ. ಹೋಗದಿದ್ದರೆ ಆ ಬಟ್ಟೆ ದೊಡ್ಡವರ ಕೌದಿಗೆ ಇರಲಿ. ಗುಂಡಿ, ಮಣಿ, ಜರಿ ಯಾವುದೂ ಬೇಡ. ಒಂದು ವರ್ಷದವರೆಗೆ ನಿದ್ದೆ ಮಾಡುವ ಮಗುವಿಗೆ ಕೌದಿ ಹೊದೆಸಬೇಡಿ ಅಂತ ಮಗಳಿಗೂ ಸೊಸೆಗೂ ಹೇಳಿ, ಮುಖದ ಮೇಲೆ ಬಂದರೆ ಉಸಿರಿಗೆ ಅಪಾಯ. ಎಚ್ಚರ ಇದ್ದಾಗ ನೆಲಕ್ಕೆ ಹಾಸಿ ಆಡಿಸಲು ಅಡ್ಡಿಯಿಲ್ಲ.

ಪ್ರಶ್ನೆ: ಕೆಂಪು ಬಟ್ಟೆ ಬಣ್ಣ ಬಿಡುತ್ತೆ. ಉಪ್ಪುನೀರಲ್ಲಿ ನೆನೆಸಿದರೆ ನಿಲ್ಲುತ್ತಂತೆ, ಹೌದಾ?
– ಓದುಗರು, ಕಾರವಾರ

ಉತ್ತರ: ಉಪ್ಪನ್ನು ನಂಬಬೇಡಿ. ಕೆಂಪನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಮಾಡಿ. ಕಲೆ ಬಿದ್ದರೆ ಬೇರೆಯಾಗಿ ಒಗೆಯಿರಿ, ಕಲೆ ಬೀಳದೆ ಇರುವ ತನಕ. ಆಮೇಲೂ ಬಿಟ್ಟರೆ ಅದು ಕಾಲೊರಸಿಗೆ.

ಪ್ರಶ್ನೆ: ಜುಲೈನಲ್ಲಿ ಮಗು ಬರುತ್ತೆ. ಮುಗ್ಗಲು ವಾಸನೆ ಬರದ ಹಾಗೆ ಕೌದಿ ಒಣಗಿಸೋದು ಹೇಗೆ?
– ಓದುಗರು, ಕುಮಟಾ

ಉತ್ತರ: ಮೇ ತಿಂಗಳಲ್ಲೇ ಹೊಲಿದು, ಒಗೆದು, ಬಿಸಿಲಿಗೆ ಹಾಕಿಡಿ. ಮಳೆ ಶುರುವಾದ ಮೇಲೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟುವುದು ರೂಢಿ, ಒಣಗುವುದೇನೋ ಹೌದು, ಆದರೆ ಹೊಗೆ ಹಿಡಿಯುತ್ತದೆ. ಬದಲಿಗೆ ಫ್ಯಾನಿನ ಕೆಳಗೆ ಎರಡು ಕುರ್ಚಿಯ ಮೇಲೆ ಅಗಲವಾಗಿ ಹರಡಿ, ಮಡಚಿ ಹಾಕಬೇಡಿ. ಕೊನೆಗೆ ಬಿಸಿ ಇಸ್ತ್ರಿ ಹಾಕಿ. ಅಂಚಿನ ಮಡಿಕೆಯನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ದರೆ ಇನ್ನೂ ಹಸಿ ಇದೆ.