30 ಅನ್ನುವ ಸಂಖ್ಯೆಯನ್ನು ಅಲ್ಲೇ ಬಿಟ್ಟು ಬನ್ನಿ

ಪ್ರಿಯ ಗೆಳೆಯರೇ,

ನಿಮ್ಮ ‘ಹೈರೂಲ್‌ನಿಂದ ನಮ್ಮ ಟೇಬಲ್‌ಗೆ’ ಬರಹವನ್ನು ಎರಡು ಸಲ ಓದಿದೆ. ಆಮೇಲೆ ಶನಿವಾರ ಸಂಜೆ ನಮ್ಮ ಗುಂಪಿನಲ್ಲಿ ಆಡಿಯೂ ನೋಡಿದೆವು. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಹೈರೂಲ್ ಅನ್ನುವ ನಾಡಿನಲ್ಲಿ ನಡೆಯುವ 2017ರ ‘ಬ್ರೆತ್ ಆಫ್ ದ ವೈಲ್ಡ್’ ವಿಡಿಯೋ ಗೇಮ್‌ನ ನಾಯಕ ಲಿಂಕ್‌ನನ್ನೂ ಅವನ ಕತ್ತಿ, ಗುರಾಣಿ, ಅಂಗಿ, ಸ್ಲೇಟು ಸೇರಿ 22 ವಸ್ತುಗಳನ್ನೂ ನೀವು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ (ಡಿ ಅಂಡ್ ಡಿ) ಅನ್ನುವ, ಟೇಬಲ್ ಸುತ್ತ ಕೂತು ಪಾತ್ರಗಳಾಗಿ ಡೈಸ್ ಹಾಕಿ ಆಡುವ ಆಟದ ಐದನೇ ಆವೃತ್ತಿಗೆ ಹೊಂದಿಸಿದ್ದೀರಿ. ಒಟ್ಟು 14 ಪುಟ. ಗೇಮ್ ನಿಮಗೆ ಚೆನ್ನಾಗಿ ಗೊತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೇಬಲ್ ಮುಂದೆ ಕೂತು ಆಡುವಾಗ ಏನಾಗುತ್ತದೆ ಅನ್ನುವುದು ಬರಹದಲ್ಲಿ ಎಲ್ಲೂ ಕಾಣುವುದಿಲ್ಲ. ಗೇಮ್‌ನಲ್ಲಿ ಲಿಂಕ್‌ನ ಕತ್ತಿ ಮಾಸ್ಟರ್ ಸೋರ್ಡ್‌ನ ಬಲ 30 ಅಂತ ಇದೆ. ನೀವು ಆ 30 ಅನ್ನು ಹಾಗೇ ಎತ್ತಿ ಡ್ಯಾಮೇಜ್ ಕಾಲಮ್ಮಿಗೆ ಹಾಕಿದ್ದೀರಿ.

ಆಡಿದಾಗ ಏನಾಯಿತು ಕೇಳಿ. ಕತ್ತಿ ಹಿಡಿದವನು ನನ್ನ ತಂಗಿಯ ಮಗ, ಐದನೇ ಲೆವೆಲ್ ಫೈಟರ್, ಅಂದರೆ ಯೋಧ. ಎದುರಿಗೆ ಒಂದು ಓಗರ್, ಅಂದರೆ ದೈತ್ಯ ರಾಕ್ಷಸ. ಅದಕ್ಕೆ 59 ಎಚ್‌ಪಿ (ಹಿಟ್ ಪಾಯಿಂಟ್ಸ್, ಏಟು ಬಿದ್ದಷ್ಟೂ ಕಳೆಯುವ ಜೀವದ ಅಂಕ). ಸಾದಾ ಲಾಂಗ್‌ಸೋರ್ಡ್ ಆಗಿದ್ದರೆ ತೋಳಬಲವೂ ಸೇರಿ ಒಂದು ಏಟಿಗೆ ಸರಾಸರಿ ಏಳೂವರೆ, ಅಂದರೆ ಹೆಚ್ಚುಕಮ್ಮಿ ಎಂಟು ಏಟು ಬೇಕು. ನಿಮ್ಮ ಕತ್ತಿಯಲ್ಲಿ 30, ಜೊತೆಗೆ ಅವನ ತೋಳಬಲದ 3. ಒಂದೇ ಸರದಿಯಲ್ಲಿ ಎರಡು ಏಟು, ಓಗರ್ ನೆಲಕ್ಕೆ. ಕ್ಲೆರಿಕ್ (ಮಂತ್ರ ಹಾಕಿ ಗುಣಪಡಿಸುವ ಪಾತ್ರ) ಆಡುತ್ತಿದ್ದ ಹುಡುಗಿ ಯಾವ ಮಂತ್ರ ಹಾಕಲಿ ಅಂತ ಹಾಳೆ ತಿರುವುತ್ತಿದ್ದಳು. ಅವಳ ಸರದಿ ಬರಲೇ ಇಲ್ಲ. ಮೂರನೇ ಕಾಳಗದ ಹೊತ್ತಿಗೆ ಪೆನ್ಸಿಲ್ ಕೆಳಗಿಟ್ಟು ಸುಮ್ನೆ ಚಕ್ಕುಲಿ ಮುರಿಯುತ್ತಾ ಕೂತಿದ್ದಳು. ಆ ಪೆನ್ಸಿಲ್ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಗೇಮ್‌ನಲ್ಲಿ 30 ದೊಡ್ಡ ಸಂಖ್ಯೆಯೇನೂ ಅಲ್ಲ. ರಾಯಲ್ ಬ್ರಾಡ್‌ಸೋರ್ಡ್‌ಗೆ 36 ಇದೆ. ಲೈನೆಲ್ ಅನ್ನುವ ರಾಕ್ಷಸರಲ್ಲಿ ತೀರಾ ಸಾಮಾನ್ಯದ್ದಕ್ಕೇ 2000 ಎಚ್‌ಪಿ. ಡಿ ಅಂಡ್ ಡಿ ಐದನೇ ಆವೃತ್ತಿಯಲ್ಲಿ ಎಲ್ಲವೂ ಚಿಕ್ಕ ಲೆಕ್ಕ. ಆಟಗಾರರ ಸಾಮರ್ಥ್ಯದ ಅಂಕಕ್ಕೆ ಸಾಮಾನ್ಯವಾಗಿ 20 ಮಿತಿ. ಮಾಯದ ಕತ್ತಿಗೆ +1, ಹೆಚ್ಚೆಂದರೆ +3. ಗುರಾಣಿಯದೂ ಇದೇ ಕತೆ. ನೀವು ಹೈಲಿಯನ್ ಶೀಲ್ಡ್ ಹಿಡಿದವನಿಗೆ ಎಸಿ (ಏಟು ತಾಗಲು ಎದುರಾಳಿಯ ಡೈಸ್ ಮುಟ್ಟಬೇಕಾದ ಅಂಕ) 24 ಕೊಟ್ಟಿದ್ದೀರಿ. ಚೈನ್ ಮೇಲ್ ತೊಟ್ಟು ಸಾದಾ ಗುರಾಣಿ ಹಿಡಿದವನ ಎಸಿ 18. ಓಗರ್ ಅವನಿಗೆ ನೂರಕ್ಕೆ 45 ಸಲ ಹೊಡೆಯುತ್ತದೆ. ನಿಮ್ಮವನಿಗೆ 15 ಸಲ. ಹೆದರಿಕೆಯೇ ಇಲ್ಲದ ಕಾಳಗ ಯಾರಿಗೆ ಬೇಕು?

ಇನ್ನು ಆಯುಧ ಸವೆಯುವ ವಿಷಯ. ಕತ್ತಿ 40 ಏಟಿನ ನಂತರ ಸೋಲುತ್ತದೆ ಅಂತ ಬರೆದಿದ್ದೀರಿ. ಗೇಮ್‌ನಲ್ಲಿ ಆ ಲೆಕ್ಕವನ್ನು ಯಂತ್ರ ಇಡುತ್ತದೆ, ಆಡುವವನಿಗೆ ಕಾಣುವುದೂ ಇಲ್ಲ. ನಮ್ಮಲ್ಲಿ ಹುಡುಗ 40, 39, 38 ಅಂತ ಬರೆದು, ರಬ್ಬರಿನಿಂದ ಉಜ್ಜಿ, ಮತ್ತೆ ಬರೆದ. 31ಕ್ಕೆ ಬರುವಷ್ಟರಲ್ಲಿ ಹಾಳೆ ಅಲ್ಲಿ ತೂತಾಯಿತು. ಆ ಹಾಳೆಯನ್ನು ಎತ್ತಿಟ್ಟಿದ್ದೇನೆ, ಬೇಕಾದರೆ ಫೋಟೋ ಕಳಿಸುತ್ತೇನೆ.

ಗೇಮ್‌ನಲ್ಲಿ ಸವೆತ ಯಾಕಿದೆ ಅಂತ ಯೋಚಿಸಿ. ಸಾದಾ ಆಯುಧ ಮುರಿಯುವ ಕೊನೆಯ ಏಟಿಗೆ ಎರಡರಷ್ಟು ಡ್ಯಾಮೇಜ್ ಇದೆ, ಅಲ್ವಾ? ಅಲ್ಲಿರುವ ಮಜಾ ಅದು. ಅದನ್ನು ಮಾತ್ರ ತನ್ನಿ. ಡೈಸ್ ಹಾಕುವ ಮೊದಲು ಆಟಗಾರ ‘ಇದನ್ನು ಮುರಿಯುತ್ತೇನೆ’ ಅನ್ನಬೇಕು. ಏಟು ತಾಗಿದರೆ ಡ್ಯಾಮೇಜ್ ಡೈಸ್ ಎರಡರಷ್ಟು. ತಾಗಲಿ ಬಿಡಲಿ, ಆಯುಧ ಹೋಯಿತು. ಲೆಕ್ಕವೂ ಬೇಡ, ರಬ್ಬರೂ ಬೇಡ. ಕೈಯಲ್ಲಿರುವ ಒಂದೇ ಈಟಿಯನ್ನು ಈಗ ಮುರಿಯಲೋ ಆಮೇಲೆ ಮುರಿಯಲೋ ಅನ್ನುವ ಚಡಪಡಿಕೆ ಇದೆಯಲ್ಲ, ಆಟ ಅಲ್ಲಿದೆ.

ಒಂದೇ ಸಂಖ್ಯೆಗೆ ಎರಡು ಕಡೆ ಎರಡು ಅರ್ಥ ಇರುತ್ತದೆ. ಮಾಸ್ಟರ್ ಸೋರ್ಡ್ ಮುರಿಯುವುದಿಲ್ಲ, ಸುಸ್ತಾಗುತ್ತದೆ. 10 ನಿಮಿಷಕ್ಕೆ ಮತ್ತೆ ಸಿದ್ಧ. ನೀವೂ 10 ನಿಮಿಷ ಅಂತಲೇ ಇಟ್ಟಿದ್ದೀರಿ. ಗೇಮ್ ಆಡುವವನಿಗೆ ಅದು ನಿಜವಾದ 10 ನಿಮಿಷ. ಅಷ್ಟು ಹೊತ್ತು ಅವನು ಬೇರೆ ಆಯುಧ ಹುಡುಕಬೇಕು, ಓಡಬೇಕು, ಬಚ್ಚಿಟ್ಟುಕೊಳ್ಳಬೇಕು. ಟೇಬಲ್‌ನಲ್ಲಿ ಒಂದು ರೌಂಡ್ (ಎಲ್ಲರದೂ ಒಂದೊಂದು ಸರದಿ) ಅಂದರೆ 6 ಸೆಕೆಂಡ್, ಆ ಲೆಕ್ಕಕ್ಕೆ 10 ನಿಮಿಷ ಅಂದರೆ 100 ರೌಂಡ್. ಕಾಳಗದ ನಡುವೆ ಅದು ಯುಗ. ಕಾಳಗ ಮುಗಿದ ಮೇಲೆ ಅದೇ 10 ನಿಮಿಷಕ್ಕೆ ಬೆಲೆಯೇ ಇಲ್ಲ. ನಮ್ಮ ಹುಡುಗ ‘10 ನಿಮಿಷ ಕೂರ್ತೀವಿ’ ಅಂದ, ಮುಗಿಯಿತು. ಒಂದು ಗಂಟೆಯ ಶಾರ್ಟ್ ರೆಸ್ಟ್ ಬೇಕು ಅನ್ನಿ. ಆಗ ಗುಹೆಯೊಳಗೆ ಒಂದು ಗಂಟೆ ಕೂರುವ ಧೈರ್ಯ ಇದೆಯಾ ಅಂತ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಈಗ ನಿಮ್ಮ ಬರಹದ ಅತ್ಯುತ್ತಮ ಜಾಗ. ಅದು 11ನೇ ಪುಟದಲ್ಲಿದೆ, ಎರಡೇ ಸಾಲು: ‘ಚಾಂಪಿಯನ್ಸ್ ಟ್ಯೂನಿಕ್ ತೊಟ್ಟವರಿಗೆ ಶತ್ರುವಿನ ಎಚ್‌ಪಿ ಎಷ್ಟು ಉಳಿದಿದೆ ಅಂತ ಡಿಎಂ ಹೇಳಬೇಕು.’ (ಡಿಎಂ ಅಂದರೆ ಆಟ ನಡೆಸುವವರು.) ಗೇಮ್‌ನಲ್ಲೂ ಆ ಅಂಗಿಯ ಗುಣ ಅದೇ. ಅದನ್ನು ನಾವು ಕ್ಲೆರಿಕ್‌ಗೆ ತೊಡಿಸಿದೆವು, ಕತ್ತಿಯನ್ನು ಪಕ್ಕಕ್ಕಿಟ್ಟು ಆಡಿದೆವು. ಅವಳು ಮತ್ತೆ ಪೆನ್ಸಿಲ್ ಎತ್ತಿಕೊಂಡಳು. ‘ಇದಕ್ಕೆ 9 ಉಳಿದಿದೆ, ನೀನು ಹೊಡಿ. ನಾನು ಆ ಕಡೆಯದನ್ನ ನೋಡ್ಕೋತೀನಿ.’ ಡ್ಯಾಮೇಜ್ ಒಂದೂ ಹೆಚ್ಚಲಿಲ್ಲ, ಆದರೆ ನಾಲ್ಕೂ ಜನ ಮಾತಾಡತೊಡಗಿದರು. ಕತ್ತಿಗೆ ಮೂರು ಪುಟ ಬರೆದಿದ್ದೀರಿ, ಇದಕ್ಕೆ ಎರಡು ಸಾಲು. ಉಳಿದ 21 ವಸ್ತುಗಳನ್ನೂ ಈ ಎರಡು ಸಾಲಿನ ಪಕ್ಕ ಇಟ್ಟು ನೋಡಿ.

ಲಿಂಕ್ ಒಂಟಿಯಾಗಿ ಅಲೆಯುವವನು. ನಮ್ಮ ಟೇಬಲ್‌ನಲ್ಲಿ ನಾಲ್ಕು ಜನ. ಹಾಗಾಗಿ ಲಿಂಕ್‌ನನ್ನೇ ಪಾತ್ರವಾಗಿ ಕೊಡುವ ಎರಡು ಪುಟ ತೆಗೆದುಬಿಡಿ. ಅವನ ವಸ್ತುಗಳು ಸಾಕು, ಪಾತ್ರವನ್ನು ಆಟಗಾರರು ಮಾಡಿಕೊಳ್ಳುತ್ತಾರೆ. ವಿಶೇಷ ಶಕ್ತಿಗಳಿರುವ ಶೀಕಾ ಸ್ಲೇಟನ್ನೂ ಒಬ್ಬನ ಸ್ವತ್ತು ಮಾಡಬೇಡಿ. ಅದು ಕೈಯಿಂದ ಕೈಗೆ ದಾಟಲಿ. ಒಬ್ಬರು ನೀರಿನಲ್ಲಿ ಮಂಜಿನ ಕಂಬ ಎಬ್ಬಿಸಿ ಸ್ಲೇಟನ್ನು ಎಸೆದರೆ, ಇನ್ನೊಬ್ಬರು ಹಿಡಿದು ಬಂಡೆಯನ್ನು ಸ್ತಬ್ಧ ಮಾಡಲಿ.

ಕತ್ತಿಯನ್ನು ಕಲ್ಲಿನಿಂದ ಕೀಳುವ ಘಟನೆಯನ್ನು ‘13ನೇ ಲೆವೆಲ್ ಬೇಕು’ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಓದಿ ಬೇಜಾರಾಯಿತು. ಇಡೀ ಗೇಮ್‌ನಲ್ಲಿ ಟೇಬಲ್‌ಗೆ ತರಲು ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಎಳೆಯುತ್ತಾ ಹೋದಂತೆ ಕತ್ತಿ ಜೀವ ಹೀರುತ್ತದೆ. ಗೇಮ್‌ನಲ್ಲಿ ಜೀವದ ಲೆಕ್ಕ ಹೃದಯಗಳಲ್ಲಿ. 13 ಹೃದಯ ಇಲ್ಲದವನು ಬಿಡದೆ ಎಳೆದರೆ ಸಾಯುತ್ತಾನೆ. ಊಟದಿಂದ ಬಂದ ಹಳದಿ ಹೃದಯ ಲೆಕ್ಕಕ್ಕಿಲ್ಲ. ಐದನೇ ಆವೃತ್ತಿಯಲ್ಲಿ ಟೆಂಪರರಿ ಹಿಟ್ ಪಾಯಿಂಟ್ಸ್ (ತಾತ್ಕಾಲಿಕ ಎಚ್‌ಪಿ) ಇದೆಯಲ್ಲ, ಅದಕ್ಕೆ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಹೀಗೆ ಮಾಡಬಹುದು: ಎಳೆಯುವವರು ಪ್ರತಿ ಸಲ ತಮ್ಮ ಒಂದು ಹಿಟ್ ಡೈಸ್ (ವಿಶ್ರಾಂತಿಯಲ್ಲಿ ಎಚ್‌ಪಿ ಮರಳಿ ಪಡೆಯಲು ಹಾಕುವ ಡೈಸ್) ಖರ್ಚು ಮಾಡಿ ಹಾಕಲಿ. ಬಂದಷ್ಟು ಎಚ್‌ಪಿ ಕಳೆಯಲಿ. ಒಟ್ಟು 40 ಆದರೆ ಕತ್ತಿ ಕೈಗೆ. ಯಾವಾಗ ಬೇಕಾದರೂ ಕೈಬಿಡಬಹುದು. ಪಕ್ಕದವರು ಗುಣಪಡಿಸಬಹುದೋ ಇಲ್ಲವೋ, ನೀವೇ ಆಡಿ ತೀರ್ಮಾನಿಸಿ. ಇದಕ್ಕೆ ಎರಡು ಪುಟ ತಗೊಳ್ಳಿ, ಕೊಡುತ್ತೇನೆ.

ಗೇಮ್‌ನಲ್ಲಿ ಶತ್ರುಗಳಾದ ಕಾವಲು ಯಂತ್ರಗಳ ಹತ್ತಿರ ಕತ್ತಿ ಹೊಳೆದು 30 ಇದ್ದದ್ದು 60 ಆಗುತ್ತದೆ. ಎರಡರಷ್ಟು ಅನ್ನುವುದನ್ನು ಇಟ್ಟುಕೊಳ್ಳಿ, ಸಂಖ್ಯೆಗಳನ್ನು ಬಿಡಿ. ಮಾಮೂಲಿಗೆ +1, ಹೊಳೆಯುವಾಗ ಡ್ಯಾಮೇಜ್ ಡೈಸ್ ಎರಡರಷ್ಟು ಸಾಕು. ಕತ್ತಲ ಓಣಿಯಲ್ಲಿ ಯಂತ್ರ ಕಾಣುವ ಮೊದಲೇ ಒರೆಯಿಂದ ನೀಲಿ ಬೆಳಕು ಬಂದರೆ ಸಾಕು, ಟೇಬಲ್ ಮೌನವಾಗುತ್ತದೆ.

ಏಟು ತಪ್ಪಿಸಿಕೊಂಡು ತಿರುಗಿ ಹೊಡೆಯುವ ಫ್ಲರಿ ರಶ್‌ಗೆ ಮೂರು ಪುಟ ನಿಯಮ ಬರೆದಿದ್ದೀರಿ. ಬೇಡ. ಬ್ಯಾಟಲ್ ಮಾಸ್ಟರ್ ಅನ್ನುವ ಬಗೆಯ ಫೈಟರ್‌ನ ರಿಪೋಸ್ಟ್ ಅನ್ನುವ ಪಟ್ಟು ಹೆಚ್ಚುಕಮ್ಮಿ ಅದೇ. ಡಿ ಅಂಡ್ ಡಿಯ ನಿಯಮಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ನೋಡಿ ಅಂತ ಒಂದು ಸಾಲು ಬರೆದರೆ ಆಯಿತು. ಅದರ ಪಠ್ಯವನ್ನು ನಕಲು ಮಾಡಬೇಡಿ. 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅಡಿ ಬಿಟ್ಟ ಡಿ ಅಂಡ್ ಡಿ ನಿಯಮಗಳನ್ನು ಹೆಸರು ಹೇಳಿ ಬಳಸಬಹುದು, ಆದರೆ ಬ್ಯಾಟಲ್ ಮಾಸ್ಟರ್ ಅದರಲ್ಲಿಲ್ಲ. ನೀವು ಸೇರಿಸಿದ ಆರು ಚಿತ್ರಗಳು ನಿಂಟೆಂಡೊ ಅವರ ಸ್ವತ್ತು, ಅವನ್ನೂ ನಾವು ಹಾಕುವಂತಿಲ್ಲ.

ಮೊದಲ ಪುಟದಲ್ಲಿ ‘ಎಚ್‌ಪಿ ವಿಡಿಯೋ ಗೇಮ್‌ಗಳಿಂದ ಟೇಬಲ್‌ಗೆ ಬಂತು’ ಅಂದಿದ್ದೀರಿ. ಅದು ತಿರುಗಾಮುರುಗಾ ಆಗಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಿ ಅಂಡ್ ಡಿ ತಂದಾಗಲೇ ಹಿಟ್ ಪಾಯಿಂಟ್ಸ್ ಇತ್ತು, ಲೆವೆಲ್ಲೂ ಇತ್ತು. ಗೇಮ್‌ಗಳು ಅಲ್ಲಿಂದ ತಗೊಂಡವು. ತಿದ್ದಿ.

ಭಾಷೆಯ ಬಗ್ಗೆ ಒಂದು ಮಾತು. ‘ರಕ್ಷಾಕವಚಾಂಕ’, ‘ಹಾನಿಪ್ರಮಾಣ’ ಅಂತೆಲ್ಲಾ ಬರೆದಿದ್ದೀರಿ. ಕನ್ನಡದ ಮೇಲಿನ ಪ್ರೀತಿಯಿಂದ ಮಾಡಿದ್ದು ಅಂತ ಅರ್ಥವಾಗುತ್ತದೆ. ಆದರೆ ಆಡುವವರು ‘ಎಸಿ ಎಷ್ಟು?’, ‘ತಾಗಿತಾ?’, ‘ಡ್ಯಾಮೇಜ್ ಹಾಕು’ ಅನ್ನುತ್ತಾರೆ. ಅದೂ ಕನ್ನಡವೇ. ಅಂಗಿಯ ಆ ಎರಡು ಸಾಲನ್ನು ನೀವು ಹಾಗೇ ಬರೆದಿದ್ದೀರಿ.

22 ವಸ್ತು ಬೇಡ, ಐದು ಸಾಕು. ಕತ್ತಿ, ಅಂಗಿ, ಸ್ಲೇಟು, ಮುರಿಯುವ ಆಯುಧ, ಇನ್ನೊಂದು ನಿಮ್ಮ ಇಷ್ಟದ್ದು. ಕಳಿಸುವ ಮೊದಲು ಕನಿಷ್ಠ ಮೂವರನ್ನು ಕೂರಿಸಿ ಒಂದು ಸಂಜೆ ಆಡಿ. ಯಾರು ಯಾವಾಗ ಪೆನ್ಸಿಲ್ ಕೆಳಗಿಟ್ಟರು ಅಂತ ಗುರುತು ಹಾಕಿಕೊಂಡು ಅದನ್ನೂ ಜೊತೆಗೆ ಕಳಿಸಿ. ಮುಂದಿನ ತಿಂಗಳ ಮೊದಲ ಶನಿವಾರ ನಾವು ಮತ್ತೆ ಸೇರುತ್ತೇವೆ. ಅಷ್ಟರೊಳಗೆ ಬಂದರೆ ಅವತ್ತೇ ಆಡಿ ನೋಡುತ್ತೇವೆ. ಕತ್ತಿ ಕೀಳುವ ಸರದಿ ತನಗೇ ಬೇಕು ಅಂತ ಕ್ಲೆರಿಕ್ ಹುಡುಗಿ ಆಗಲೇ ಹೇಳಿಟ್ಟಿದ್ದಾಳೆ.

ಪ್ರೀತಿಯಿಂದ,
ಸಂಪಾದಕ